ಗೊಟ್ಟದ ಚರಿತ್ರೆ

ಕಳೆದ ತಿಂಗಳು ಮಗಳ ಮನೆಗೆ ಹೋಗಿದ್ದಾಗ ಒಂದು ಸಣ್ಣ ಪ್ರಸಂಗ ನಡೆಯಿತು. ಆರು ವರ್ಷದ ಮೊಮ್ಮಗ ಹಾಲಿನ ಲೋಟದ ಮುಂದೆ ತುಟಿ ಬಿಗಿದು ಕುಳಿತಿದ್ದ. ನನ್ನ ಶ್ರೀಮತಿ ಅಡುಗೆಮನೆಯಿಂದಲೇ, “ಕುಡೀತೀಯೋ, ಗೊಟ್ಟ ತರಲೋ?” ಎಂದು ಗದರಿದಳು. ಹುಡುಗ ನನ್ನ ಕಡೆಗೆ ತಿರುಗಿ, “ತಾತ, ಗೊಟ್ಟ ಅಂದರೇನು?” ಎಂದು ಕೇಳಿದ. ಅವನ ತಾಯಿಗೂ ಅದು ಬೈಗುಳವೆಂದು ಗೊತ್ತಿತ್ತೇ ಹೊರತು ವಸ್ತುವೆಂದು ಗೊತ್ತಿರಲಿಲ್ಲ. ಮಾತು ಉಳಿದು ವಸ್ತು ಮರೆಯಾಗುವುದು ಭಾಷೆಯಲ್ಲಿ ಹೊಸದೇನಲ್ಲ. “ಇಸವಿಗಳನ್ನು ನಿಮಗೆ ಗೊಟ್ಟದಲ್ಲೇ ಕುಡಿಸಬೇಕು” ಎಂದು ತರಗತಿಯಲ್ಲಿ ನಾನು ಬೈಯುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಆಗಲೂ ನಿಮ್ಮಲ್ಲಿ ಅರ್ಧದಷ್ಟು ಜನ ಗೊಟ್ಟವನ್ನು ಕಂಡಿರಲಿಲ್ಲವೆಂದು ತೋರುತ್ತದೆ. ಆದುದರಿಂದ ಅದರ ಚರಿತ್ರೆಯನ್ನು ಬರೆದಿಡೋಣವೆಂದು ಕುಳಿತಿದ್ದೇನೆ. ಇದರೊಳಗೆ ನಮ್ಮ ಮನೆಯ ಚರಿತ್ರೆಯೂ ಸ್ವಲ್ಪ ಸೇರಿಕೊಂಡಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಗೊಟ್ಟವೆಂದರೆ ದನಕರುಗಳಿಗೆ ಔಷಧ ಕುಡಿಸುವ ಬಿದಿರಿನ ನಳಿಗೆ. ಬಲಿತ ಬಿದಿರಿನ ಒಂದು ಗೆಣ್ಣಿನ ಬುಡವನ್ನು ಮುಚ್ಚಿದಂತೆಯೇ ಉಳಿಸಿಕೊಂಡು, ಇನ್ನೊಂದು ತುದಿಯನ್ನು ಬರೆಯುವ ಬೋರುಕಡ್ಡಿಯಂತೆ ಓರೆಯಾಗಿ ಕತ್ತರಿಸುತ್ತಿದ್ದರು. ಒಂದು ಮೊಳಕ್ಕೆ ಸ್ವಲ್ಪ ಕಡಿಮೆ ಉದ್ದ. ಓರೆ ಅಂಚನ್ನು ಕಲ್ಲಿಗೆ ಉಜ್ಜಿ ಉಜ್ಜಿ ನುಣುಪು ಮಾಡುತ್ತಿದ್ದರು, ಇಲ್ಲದಿದ್ದರೆ ಸಿಬಿರು ಎದ್ದು ದನದ ಬಾಯಿ ಗಾಯವಾಗುತ್ತದೆ. ಪ್ರತಿ ಕೊಟ್ಟಿಗೆಯ ಸೂರಿನಲ್ಲಿಯೂ ಒಂದು ಗೊಟ್ಟ ಸಿಕ್ಕಿಸಿರುತ್ತಿತ್ತು. ಬಿದಿರಿಲ್ಲದ ಕಡೆ ದನದ ಕೊಂಬನ್ನೇ ಕೊರೆದು ಬಳಸುತ್ತಿದ್ದುದುಂಟು. ಇಂಗ್ಲೆಂಡಿನ ರೈತರ ಮನೆಗಳಲ್ಲಿಯೂ ಇದೇ ಕೆಲಸಕ್ಕೆ ಕೊಂಬಿನ ಪಾತ್ರೆ ಇರುತ್ತಿತ್ತು. ಮುಂದೆ ಗಾಜಿನ ಸೀಸೆ ಬಂದಿತು. ಅದು ಸುಲಭವಾಗಿ ದೊರೆಯುತ್ತಿತ್ತು, ನಿಜ. ಆದರೆ ದವಡೆಗೆ ಸಿಕ್ಕಿದರೆ ಒಡೆಯುತ್ತಿತ್ತು. ಬಿದಿರನ್ನು ದನ ಎಷ್ಟು ಕಚ್ಚಿದರೂ ಅಪಾಯವಿರಲಿಲ್ಲ.

ದನಗಳಿಗೆ ಹೀಗೆ ಕುಡಿಸುತ್ತಿದ್ದುದು ಮುಖ್ಯವಾಗಿ ಹೊಟ್ಟೆಯ ಕಾಯಿಲೆಗಳಿಗೆ. ಹೊಟ್ಟೆಯುಬ್ಬರ, ಮೆಲುಕು ನಿಲ್ಲುವುದು, ಅಜೀರ್ಣ, ಭೇದಿ ಇತ್ಯಾದಿ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಗೆ ನಾಲ್ಕು ಕೋಣೆಗಳಿವೆಯೆಂಬುದನ್ನು ನೀವು ವಿಜ್ಞಾನದ ಪಾಠದಲ್ಲಿ ಓದಿದ್ದೀರಿ. ಮೊದಲನೆಯ ಕೋಣೆಯಾದ ರೂಮೆನ್ ದೊಡ್ಡ ಹಸುವಿನಲ್ಲಿ ನೂರು ಲೀಟರಿಗೂ ಮಿಕ್ಕಿ ಹಿಡಿಯುತ್ತದೆ. ಅದು ಜಠರಕ್ಕಿಂತ ಹೆಚ್ಚಾಗಿ ಒಂದು ಹುದುಗಿನ ಗುಡಾಣ. 1843ರಲ್ಲಿ ಗ್ರೂಬಿ ಮತ್ತು ಡೆಲಾಫೋಂಡ್ ಎಂಬಿಬ್ಬರು ಅದರೊಳಗೆ ಕಣ್ಣಿಗೆ ಕಾಣದ ಜೀವಿಗಳಿರುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ರಾಬರ್ಟ್ ಹಂಗೇಟ್ ಅಲ್ಲಿನ ಬ್ಯಾಕ್ಟೀರಿಯಾಗಳನ್ನು ಗಾಳಿ ಸೋಕದಂತೆ ಬೆಳೆಸುವ ವಿಧಾನವನ್ನು ರೂಪಿಸಿ, 1966ರಲ್ಲಿ ಈ ವಿಷಯದ ಮೇಲೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಹುಲ್ಲನ್ನು ಅರಗಿಸುವುದು ಹಸುವಲ್ಲ, ಹಸುವಿನೊಳಗಿನ ಈ ಜೀವಿಗಳು. ಅವು ಹುಲ್ಲನ್ನು ಹುದುಗಿಸುವಾಗ ಅನಿಲ ಹುಟ್ಟುತ್ತದೆ, ಗಂಟೆಗೆ 30ರಿಂದ 50 ಲೀಟರಿನಷ್ಟು. ಆರೋಗ್ಯವಂತ ದನ ಅದನ್ನೆಲ್ಲ ತೇಗಿ ಹೊರಹಾಕುತ್ತದೆ. ತೇಗು ನಿಂತರೆ ಎಡಪಕ್ಕೆ ಉಬ್ಬಿ, ವಪೆ ಮೇಲಕ್ಕೆ ಒತ್ತಿ, ಪುಪ್ಪುಸಕ್ಕೆ ಎಡೆಯಿಲ್ಲದಂತಾಗಿ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಆದುದರಿಂದಲೇ ಹಳ್ಳಿಯಲ್ಲಿ ವೈದ್ಯನಿಗಾಗಿ ಕಾಯುವಂತಿರಲಿಲ್ಲ. ಗೊಟ್ಟ ಕೈಗೆಟಕುವ ಸೂರಿನಲ್ಲಿಯೇ ಇರಬೇಕಾಗಿತ್ತು.

ದನಗಳ ಆರೈಕೆ ನಮ್ಮ ದೇಶದಲ್ಲಿ ಬಹು ಹಿಂದಿನಿಂದಲೂ ಗ್ರಂಥಸ್ಥವಾದ ವಿದ್ಯೆ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೋವುಗಳ ಅಧ್ಯಕ್ಷನಿಗೆಂದೇ ಒಂದು ಅಧ್ಯಾಯವಿದೆ. ಅದರಲ್ಲಿ ದುಡಿಯುವ ಎತ್ತಿನ ದಿನದ ಮೇವನ್ನು ಹೇಳುವಾಗ ಹುಲ್ಲು, ಹಿಂಡಿ, ತೌಡುಗಳ ಜೊತೆಗೆ ಐದು ಪಲ ಉಪ್ಪು, ಮೂಗಿಗೆ ಒಂದು ಕುಡುಬ ಎಣ್ಣೆ, ಕುಡಿಯಲು ಒಂದು ಪ್ರಸ್ಥ ಎಂದು ಅಳತೆಸಹಿತ ನಿಗದಿ ಮಾಡಿದೆ. ಎತ್ತಿಗೆ ಎಣ್ಣೆ ಕೊಡುವುದು ಅಂದಿಗೇ ರಾಜ್ಯದ ಲೆಕ್ಕಪತ್ರದಲ್ಲಿ ಸೇರಿದ್ದ ಖರ್ಚಾಗಿತ್ತೆಂದಾಯಿತು.

ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ ಇನ್ನೊಂದಿದೆ. ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಹೆಸರು ನಿಮಗೆಲ್ಲ ಗೊತ್ತು. ಅವನ ಸೋದರ ಕೀರ್ತಿವರ್ಮನು ಹನ್ನೆರಡನೆಯ ಶತಮಾನದ ಆರಂಭದ ಸುಮಾರಿಗೆ ‘ಗೋವೈದ್ಯ’ವೆಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ಕನ್ನಡದ ಅತ್ಯಂತ ಹಳೆಯ ಪಶುವೈದ್ಯ ಗ್ರಂಥವೆಂದು ಸಾಹಿತ್ಯ ಚರಿತ್ರಕಾರರು ಇದನ್ನು ಎಣಿಸುತ್ತಾರೆ. ಔಷಧದ ಜೊತೆಗೆ ಮಂತ್ರತಂತ್ರಗಳೂ ಅದರಲ್ಲಿ ಬೆರೆತಿವೆ. ಅದಕ್ಕಾಗಿ ನಾವು ನಗಬೇಕಾಗಿಲ್ಲ. ರಾಜಕುಮಾರನೊಬ್ಬ ಯುದ್ಧದ ಆನೆ ಕುದುರೆಗಳನ್ನು ಬಿಟ್ಟು ರೈತನ ದನದ ಕಾಯಿಲೆಯನ್ನು ವಿಷಯವಾಗಿ ಆರಿಸಿಕೊಂಡನಲ್ಲ, ಅದನ್ನು ನೋಡಬೇಕು. ಪಂಡಿತರ ಸಂಸ್ಕೃತದಲ್ಲಿ ಬರೆಯದೆ ದನ ಕಾಯುವವನ ಭಾಷೆಯಲ್ಲಿ ಬರೆದನಲ್ಲ, ಅದನ್ನೂ ನೋಡಬೇಕು.

ಯೂರೋಪಿನಲ್ಲಿ ಪಶುವೈದ್ಯವು ಶಾಲೆಯ ವಿದ್ಯೆಯಾದುದು 1761–62ರಲ್ಲಿ, ಫ್ರಾನ್ಸಿನ ಲಿಯೋನ್ ನಗರದಲ್ಲಿ ಕ್ಲೋಡ್ ಬೂರ್ಜೆಲಾ ಸ್ಥಾಪಿಸಿದ ಪಾಠಶಾಲೆಯಿಂದ. ನಮ್ಮಲ್ಲಿ ಮುಂಬಯಿಯ ಪಶುವೈದ್ಯ ಕಾಲೇಜು 1886ರಲ್ಲಿ ಆರಂಭವಾಯಿತು. 1889ರಲ್ಲಿ ಪುಣೆಯಲ್ಲಿ ತೆರೆದ ಸಂಶೋಧನಾಲಯವು 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಸ್ಥಳಾಂತರಗೊಂಡಿತು. ಬೆಂಗಳೂರಿನ ಹೆಬ್ಬಾಳದ ಕಾಲೇಜು 1958ರದು. ಈ ಸಂಸ್ಥೆಗಳ ಮೊದಲ ಚಿಂತೆ ಊರಿಗೆ ಊರನ್ನೇ ಬರಿದುಮಾಡುತ್ತಿದ್ದ ದೊಡ್ಡರೋಗದ ಮೇಲಿತ್ತು. ಲಸಿಕೆಯ ದೆಸೆಯಿಂದ 2011ರಲ್ಲಿ ಅದು ಭೂಮಿಯಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಹೊಟ್ಟೆಯುಬ್ಬರಕ್ಕೆ ಲಸಿಕೆಯಿಲ್ಲ. ಅದಕ್ಕೆ ಆಸ್ಪತ್ರೆಯವರೂ ಬಹುಕಾಲ ಕುಡಿಸುವ ಔಷಧವನ್ನೇ ಕೊಡುತ್ತಿದ್ದರು. ಇಂಗ್ಲಿಷ್ ಪದ್ಧತಿಯಲ್ಲಿ ಅಗಸೆಯೆಣ್ಣೆಗೆ ಟರ್ಪೆಂಟೈನ್ ಬೆರೆಸಿ ಕುಡಿಸುವುದು ರೂಢಿಯಾಗಿತ್ತು. ಅದಕ್ಕೂ ಬಗ್ಗದಿದ್ದರೆ ಎಡಪಕ್ಕೆಯ ಕುಳಿಯಲ್ಲಿ ಚೂಪಾದ ಕೊಳವೆಯನ್ನು ಚುಚ್ಚಿ ಅನಿಲವನ್ನು ಬಿಡುತ್ತಿದ್ದರು. ಥಾಮಸ್ ಹಾರ್ಡಿಯ 1874ರ ಕಾದಂಬರಿ ‘ಫಾರ್ ಫ್ರಂ ದ ಮ್ಯಾಡಿಂಗ್ ಕ್ರೌಡ್’ ಓದಿದವರಿಗೆ, ಹಸಿ ಸೊಪ್ಪು ತಿಂದು ಉಬ್ಬಿದ ಕುರಿಗಳನ್ನು ಗೇಬ್ರಿಯಲ್ ಓಕ್ ಹೀಗೆಯೇ ಚುಚ್ಚಿ ಉಳಿಸುವ ಸಂದರ್ಭ ನೆನಪಿಗೆ ಬರುತ್ತದೆ.

ಇನ್ನು ನಮ್ಮೂರಿಗೆ ಬರುತ್ತೇನೆ. ಹಾಸನ ಸೀಮೆಯ ನಮ್ಮ ಹಳ್ಳಿಯಲ್ಲಿ ದನಗಳಿಗೆ ಗೊಟ್ಟ ಎತ್ತುವುದರಲ್ಲಿ ನಿಷ್ಣಾತರಾದ ವೃದ್ಧರೊಬ್ಬರಿದ್ದರು. ನಾವು ಹುಡುಗರು ಅವರನ್ನು ಗೊಟ್ಟದಜ್ಜ ಎಂದೇ ಕರೆಯುತ್ತಿದ್ದೆವು. ಅಕ್ಷರಜ್ಞಾನವಿಲ್ಲದವರು. ಹರಳೆಣ್ಣೆ, ಹುಚ್ಚೆಳ್ಳೆಣ್ಣೆ, ಓಮ, ಶುಂಠಿ, ಇಂಗು, ಬೆಳ್ಳುಳ್ಳಿ, ಕರಿಮೆಣಸು, ಬೆಲ್ಲ, ಹುಳಿಮಜ್ಜಿಗೆ, ಇಷ್ಟೇ ಅವರ ಔಷಧಶಾಲೆ. ಇವೆಲ್ಲ ಯಾವ ಮನೆಯ ಅಡುಗೆಮನೆಯಲ್ಲಿಯೂ ಇದ್ದ ವಸ್ತುಗಳೇ. ಅವರ ವಿದ್ಯೆ ಇದ್ದುದು ಕುಡಿಸುವ ಕ್ರಮದಲ್ಲಿ.

ಮೊದಲು ಎಡಪಕ್ಕೆಯನ್ನು ಬೆರಳಿನಿಂದ ತಟ್ಟಿ ಸದ್ದು ಕೇಳುವರು. ತಮಟೆಯಂತೆ ನುಡಿದರೆ ಗಾಳಿ, ಹಿಟ್ಟಿನ ಮುದ್ದೆಯಂತೆ ಬೆರಳು ಹೂತರೆ ಕಾಳು ತಿಂದ ಭಾರ. ಗಾಳಿಯಾದರೆ ದನದ ಮುಂಗಾಲುಗಳನ್ನು ದಿಬ್ಬದ ಮೇಲೆ ನಿಲ್ಲಿಸಿ, ಬೇವಿನ ಕಡ್ಡಿಯೊಂದನ್ನು ಕಡಿವಾಣದಂತೆ ಬಾಯಿಗೆ ಅಡ್ಡ ಕಟ್ಟುವರು. ಅದು ಕಡ್ಡಿಯನ್ನು ಅಗಿಯುತ್ತ ಜೊಲ್ಲು ಸುರಿಸುವಷ್ಟರಲ್ಲಿ ಅರ್ಧ ತೇಗು ತಾನಾಗಿಯೇ ಬರುತ್ತಿತ್ತು. ಆಮೇಲೆ ಗೊಟ್ಟ. ಬಾಯಿಯ ಮುಂಭಾಗದಿಂದಲ್ಲ, ಪಕ್ಕದಲ್ಲಿ ಹಲ್ಲಿಲ್ಲದ ಸಂದಿಯಿಂದ ತೂರಿಸಬೇಕು. ನಾಲಿಗೆಯನ್ನು ಹಿಡಿಯಬಾರದು. ಮೂತಿ ಕಣ್ಣಿಗಿಂತ ಮೇಲೆ ಹೋಗಬಾರದು. ಒಂದು ಗುಟುಕು ಹೊಯ್ದು ಗಂಟಲು ಅಲುಗುವುದನ್ನು ನೋಡಿ ಮುಂದಿನ ಗುಟುಕು ಹೊಯ್ಯಬೇಕು. ಕೆಮ್ಮಿದರೆ ಆ ಕ್ಷಣವೇ ತಲೆಯನ್ನು ಕೆಳಗೆ ಬಿಡಬೇಕು, ಔಷಧ ಮಣ್ಣುಪಾಲಾದರೂ ಚಿಂತೆಯಿಲ್ಲ. ಮಲಗಿ ಎಚ್ಚರ ತಪ್ಪಿದ ದನಕ್ಕೆ ಗೊಟ್ಟ ಮುಟ್ಟಿಸಲೇಬಾರದು. “ಗೊಟ್ಟ ಹಿಡಿದವನಿಗೆ ಆತುರ ಇರಬಾರದು ಕಣ್ರಪ್ಪಾ” ಎನ್ನುವುದು ಅವರ ಮಾತು.

ಎಣ್ಣೆ ಕುಡಿಸುವುದರ ಮರ್ಮವನ್ನು ವಿಜ್ಞಾನ ಬಿಡಿಸಿದ್ದು 1950ರ ದಶಕದಲ್ಲಿ. ನ್ಯೂಜಿಲೆಂಡಿನ ಹುಲ್ಲುಗಾವಲುಗಳಲ್ಲಿ ಕ್ಲೋವರ್ ಎಂಬ ದ್ವಿದಳ ಮೇವನ್ನು ಮೇಯ್ದ ಹಸುಗಳು ಉಬ್ಬಿ ಸಾಯುತ್ತಿದ್ದವು. ರೀಡ್, ಜಾನ್ಸ್ ಮೊದಲಾದ ಅಲ್ಲಿನ ವಿಜ್ಞಾನಿಗಳು ಪರೀಕ್ಷಿಸಿದಾಗ ಒಳಗಿನ ಅನಿಲವೆಲ್ಲ ಸಣ್ಣ ಸಣ್ಣ ಗುಳ್ಳೆಗಳ ನೊರೆಯಾಗಿ ಸಿಕ್ಕಿಕೊಂಡಿತ್ತು. ನೊರೆಯನ್ನು ತೇಗಲು ಬರುವುದಿಲ್ಲ. ಎಣ್ಣೆ ಬಿದ್ದೊಡನೆ ಗುಳ್ಳೆಯ ಪೊರೆ ಒಡೆದು, ಬಿಡಿ ಅನಿಲ ಒಂದುಗೂಡಿ, ತೇಗಾಗಿ ಹೊರಬರುತ್ತದೆ. ಸಾರು ಉಕ್ಕುವಾಗ ನಮ್ಮ ತಾಯಂದಿರು ಒಂದು ತೊಟ್ಟು ಎಣ್ಣೆ ಬಿಡುತ್ತಿದ್ದರಲ್ಲ, ಅದೇ ತತ್ತ್ವ. ಅವರು ಪ್ರಯೋಗಿಸಿದ ಎಣ್ಣೆಗಳಲ್ಲಿ ನಮ್ಮ ಕಡಲೆಕಾಯಿ ಎಣ್ಣೆಯೂ ಒಂದು. ನಮ್ಮ ಅವರೆ, ಹಲಸಂದೆ, ಕುದುರೆಮೆಂತ್ಯಗಳೂ ಕ್ಲೋವರಿನ ಕುಲದವೇ. ಅಜ್ಜನ ಎಣ್ಣೆ ಏಕೆ ಫಲಿಸುತ್ತಿತ್ತೆಂಬುದಕ್ಕೆ ಹೀಗೆ ಸಾಗರದಾಚೆಯಿಂದ ಉತ್ತರ ಬಂದಿತು.

ಹಾಗೆಂದು ಗೊಟ್ಟದ ಮದ್ದು ಎಲ್ಲಕ್ಕೂ ಮದ್ದಾಗಿತ್ತೆಂದು ಹೇಳುವುದು ಇತಿಹಾಸಕ್ಕೆ ಅಪಚಾರ. ಕಣದಲ್ಲಿ ರಾಶಿಗೆ ಬಾಯಿ ಹಾಕಿ ಹೊಟ್ಟೆಬಿರಿಯ ಕಾಳು ತಿಂದ ಎತ್ತು, ಮದುವೆಮನೆಯ ಮಿಕ್ಕ ಅನ್ನವನ್ನು ತಿಂದ ಹಸು, ಇವುಗಳ ಹೊಟ್ಟೆಯಲ್ಲಿ ಆಗುವುದು ನೊರೆಯಲ್ಲ, ಹುಳಿ. ಪಿಷ್ಟವು ಬೇಗ ಬೇಗ ಹುದುಗಿ ಆಮ್ಲ ಏರುತ್ತದೆ, ಒಳಗಿನ ಜೀವಿಗಳು ಸಾಯುತ್ತವೆ, ಆಮ್ಲ ರಕ್ತಕ್ಕೂ ಸೇರುತ್ತದೆ. ಅಲ್ಲಿ ಎಣ್ಣೆಯಿಂದ ಪ್ರಯೋಜನವಿಲ್ಲ. ಗಂಟಲಲ್ಲಿ ಮಾವಿನ ಓಟೆಯೋ ಗೆಣಸೋ ಸಿಕ್ಕಿಕೊಂಡು ಉಬ್ಬರವಾಗಿದ್ದರಂತೂ ಮೇಲಿನಿಂದ ಹೊಯ್ದದ್ದು ಒಳಗೆ ಹೋಗುವುದೇ ಇಲ್ಲ. ಇಂತಹ ದನಗಳು ಸತ್ತಾಗ ಊರಿನವರು ಹಣೆಬರಹವೆನ್ನುತ್ತಿದ್ದರು. ಅಜ್ಜ ಮಾತ್ರ “ಇದು ನನ್ನ ಕೈಗೆ ಮೀರಿದ್ದು” ಎಂದು ಹೇಳಿ ಎದ್ದುಹೋಗುತ್ತಿದ್ದರು.

ಈಗ ನಮ್ಮ ಮನೆಯ ಮಾತು. 1974ರ ಜನವರಿ, ಸಂಕ್ರಾಂತಿಗೆ ಇನ್ನು ಆರು ದಿನಗಳಿದ್ದವು. ನಾನು ಏಳನೆಯ ತರಗತಿಯಲ್ಲಿದ್ದೆ. ಬೆಳಗಿನ ಇಬ್ಬನಿ ಆರುವ ಮೊದಲೇ ಎತ್ತುಗಳನ್ನು ಹೊಡೆದುಕೊಂಡು ಹೋದವನು, ಗೋಲಿಯಾಟದಲ್ಲಿ ಮೈಮರೆತು ಅವನ್ನು ಅವರೆಹೊಲಕ್ಕೆ ಬಿಟ್ಟುಕೊಟ್ಟೆ. ಕರಿಯನೆಂಬ ನಮ್ಮ ಎತ್ತು ಹಸಿ ಅವರೆಯನ್ನು ಯಥೇಚ್ಛವಾಗಿ ಮೇಯ್ದಿತು. ಮನೆಗೆ ಬರುವಷ್ಟರಲ್ಲಿ ಎಡಪಕ್ಕೆ ಬೆನ್ನುಮೂಳೆಗಿಂತ ಮೇಲೆದ್ದಿತ್ತು. ಗೊಟ್ಟದಜ್ಜ ಮಗಳ ಊರಿಗೆ ಹೋಗಿದ್ದರು. ತಂದೆಯವರು ಸಂತೆಗೆ ಹೋಗಿದ್ದರು. ಮನೆಯಲ್ಲಿದ್ದ ಚಿಕ್ಕಪ್ಪ ಎಣ್ಣೆಗೆ ಓಮ, ಶುಂಠಿ ಕುಟ್ಟಿ ಹಾಕಿ, ಎತ್ತನ್ನು ಹುಣಸೆಮರಕ್ಕೆ ಕಟ್ಟಿ, ಮೊದಲನೆಯ ಗೊಟ್ಟವನ್ನು ನಿಧಾನವಾಗಿ, ಸರಿಯಾಗಿಯೇ ಕುಡಿಸಿದರು. “ಹಿಡಿದುಕೊಂಡಿರು, ಇನ್ನಷ್ಟು ಎಣ್ಣೆ ತರುತ್ತೇನೆ” ಎಂದು ಗೊಟ್ಟವನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಪಾತ್ರೆಯ ತಳದಲ್ಲಿ ಸ್ವಲ್ಪ ಔಷಧ ಮಿಕ್ಕಿತ್ತು.

ತಪ್ಪು ನನ್ನದು, ತಿದ್ದುವವನೂ ನಾನೇ ಆಗಬೇಕೆಂಬ ಆತುರ. ಹಗ್ಗವನ್ನು ಕೊಂಬೆಗೆ ಎಳೆದು ತಲೆಯನ್ನು ಮೇಲೆತ್ತಿದೆ. ಕಲ್ಲಿನ ಮೇಲೆ ನಿಂತು, ಒಂದು ಕೈಯಲ್ಲಿ ನಾಲಿಗೆಯನ್ನು ಹೊರಗೆಳೆದು ಹಿಡಿದು, ಇನ್ನೊಂದು ಕೈಯಿಂದ ಗೊಟ್ಟವನ್ನು ಒಮ್ಮೆಲೇ ಬಗ್ಗಿಸಿದೆ. ಕರಿಯ ಕೆಮ್ಮಿತು. ನಾನು ಬಿಡಲಿಲ್ಲ. ಮತ್ತೆ ಕೆಮ್ಮಿತು, ಮೂಗಿನ ಹೊಳ್ಳೆಗಳಿಂದ ಎಣ್ಣೆ ಸುರಿಯಿತು. ಆಗ ಹೆದರಿ ಹಗ್ಗ ಸಡಿಲಿಸಿ, ಟವೆಲಿನಿಂದ ಅದರ ಮೂಗನ್ನು ಒರೆಸಿಬಿಟ್ಟೆ. ಚಿಕ್ಕಪ್ಪ ಬಂದಾಗ ಏನೂ ಕಾಣುವಂತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಉಬ್ಬರ ಇಳಿಯಿತು. ಎಲ್ಲರೂ ಚಿಕ್ಕಪ್ಪನನ್ನು ಹೊಗಳಿದರು.

ಮೂರನೆಯ ದಿನ ಕರಿಯ ಮೇವು ಬಿಟ್ಟಿತು. ಮೈ ಕಾದು ಉಸಿರು ಕಿತ್ತುಕೊಂಡು ಬರುತ್ತಿತ್ತು. ಅಂದು ಊರಿಗೆ ಮರಳಿದ ಅಜ್ಜ ಬಂದು ನೋಡಿ, ಪಕ್ಕೆಗೆ ಕಿವಿಯಿಟ್ಟು, ಕೇಳಿದ ಮೊದಲ ಮಾತು: “ಗೊಟ್ಟ ಹಾಕಿದಾಗ ಕೆಮ್ಮಿತೇ?” ಚಿಕ್ಕಪ್ಪ ಇಲ್ಲವೆಂದರು, ಅವರಿಗೆ ತಿಳಿದಿದ್ದುದು ಅಷ್ಟೇ. ಅಜ್ಜ ನನ್ನ ಮುಖ ನೋಡಿದರು. ನಾನೂ ಇಲ್ಲವೆಂದೆ. “ಕೆಮ್ಮಿದ್ದರೆ ಈಗಲೇ ತಾಲ್ಲೂಕಿನ ದನದ ಆಸ್ಪತ್ರೆಗೆ ಹೊಡೆದುಕೊಂಡು ಹೋಗಿ ಎನ್ನುತ್ತಿದ್ದೆ. ಕೆಮ್ಮಿಲ್ಲವೆಂದರೆ ಹೊಟ್ಟೆಯದೇ ಶೇಷ ಇರಬೇಕು” ಎಂದು ಹೇಳಿ ಗಂಜಿಯ ಉಪಚಾರ ಸೂಚಿಸಿ ಹೋದರು. ಸಂಕ್ರಾಂತಿಯ ಹಿಂದಿನ ರಾತ್ರಿ ಕರಿಯ ಸತ್ತಿತು. ಮರುದಿನ ಸಂಜೆ ಊರಿನ ದನಗಳೆಲ್ಲ ಕಿಚ್ಚು ಹಾಯುವಾಗ ಅದರ ಜೊತೆಯ ಎತ್ತು ಕೊಟ್ಟಿಗೆಯಲ್ಲಿಯೇ ಇತ್ತು.

ಇಪ್ಪತ್ತು ವರ್ಷಗಳ ಮೇಲೆ, ಹೆಬ್ಬಾಳದಲ್ಲಿ ಓದಿ ಪಶುವೈದ್ಯನಾದ ನನ್ನ ವಿದ್ಯಾರ್ಥಿಯೊಬ್ಬ ಶಾಲೆಗೆ ನನ್ನನ್ನು ನೋಡಲು ಬಂದಿದ್ದ. ‘ನಮ್ಮೂರಿನ ಯಾರದೋ ಎತ್ತು’ ಎಂದು ಹೇಳಿ ಅವನಲ್ಲಿ ವಿಚಾರಿಸಿದೆ. ನಾಲಿಗೆಯನ್ನು ಎಳೆದು ಹಿಡಿದರೆ ದನ ನುಂಗಲಾರದು, ತಲೆ ಮೇಲೆತ್ತಿದ್ದರೆ ಹೊಯ್ದದ್ದು ನೇರವಾಗಿ ಶ್ವಾಸನಾಳಕ್ಕೆ ಇಳಿಯುತ್ತದೆ, ಎಣ್ಣೆಯಾದರಂತೂ ಪುಪ್ಪುಸ ಅದನ್ನು ಹೊರಹಾಕಲಾರದು, ಎರಡು ಮೂರು ದಿನಗಳಲ್ಲಿ ನ್ಯುಮೋನಿಯಾ ಆಗುತ್ತದೆ ಎಂದು ವಿವರಿಸಿದ. “ಮೊದಲೇ ತಿಳಿದು ಇಂಜೆಕ್ಷನ್ ಕೊಟ್ಟಿದ್ದರೆ ಉಳಿಯುತ್ತಿತ್ತೇ?” ಎಂದೆ. “ಹೇಳಲಾಗದು ಸಾರ್, ಆದರೆ ಪ್ರಯತ್ನಕ್ಕೆ ಅವಕಾಶವಿತ್ತು” ಎಂದ. ಗೊಟ್ಟದಜ್ಜನ ಒಂದೊಂದು ನಿಯಮವೂ ಈ ಒಂದು ಅಪಾಯವನ್ನು ತಪ್ಪಿಸುವುದಕ್ಕಾಗಿಯೇ ಇದ್ದುದೆಂದು ಅಂದು ನನಗೆ ಅರ್ಥವಾಯಿತು. ಓಮ ಶುಂಠಿಗಳ ಹೆಸರನ್ನು ಇಂದಿಗೂ ಯಾರಾದರೂ ಹೇಳಬಲ್ಲರು. ಯಾವಾಗ ಕೈಬಿಡಬೇಕೆಂಬ ತಿಳಿವಳಿಕೆ ಆ ಹೆಸರುಗಳ ಜೊತೆಯಲ್ಲಿ ಬರುವುದಿಲ್ಲ.

ಇಂದು ವೈದ್ಯರು ಉಬ್ಬರಕ್ಕೆ ಬಾಯಿಯ ಮೂಲಕ ಹೊಟ್ಟೆಯವರೆಗೆ ರಬ್ಬರ್ ಕೊಳವೆಯನ್ನು ಇಳಿಸುತ್ತಾರೆ. ಅನಿಲವೂ ಹೊರಬರುತ್ತದೆ, ಔಷಧವೂ ತಪ್ಪದೆ ಒಳಗೆ ಸೇರುತ್ತದೆ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯು ಇತ್ತೀಚಿನ ವರ್ಷಗಳಲ್ಲಿ ಪ್ರಚಾರ ಮಾಡುತ್ತಿರುವ ನಾಟಿ ಔಷಧಗಳಲ್ಲಿಯೂ ಬೆಳ್ಳುಳ್ಳಿ, ಜೀರಿಗೆ, ಮೆಣಸು, ವೀಳ್ಯದೆಲೆ, ಬೆಲ್ಲಗಳೇ ಇವೆ. ಆದರೆ ಅವನ್ನು ಅರೆದು ಸಣ್ಣ ಸಣ್ಣ ಉಂಡೆಗಳಾಗಿ ತಿನ್ನಿಸಲು ಹೇಳುತ್ತಾರೆ, ಹೊಯ್ಯಲು ಹೇಳುವುದಿಲ್ಲ. ಹಳ್ಳಿಯಲ್ಲಿ ಇನ್ನೂ ದನ ಕಟ್ಟಿರುವ ಬಂಧುಗಳಲ್ಲಿ ನನ್ನ ವಿನಂತಿಯಿಷ್ಟೇ: ಕುಡಿಸಲೇಬೇಕಾಗಿ ಬಂದರೆ ಮೂತಿ ಕಣ್ಣಿಗಿಂತ ಮೇಲೇರದಿರಲಿ, ನಾಲಿಗೆಯನ್ನು ಮುಟ್ಟಬೇಡಿ, ಕೆಮ್ಮಿದರೆ ತಲೆ ಬಿಟ್ಟುಬಿಡಿ, ಮತ್ತು ಕೆಮ್ಮಿತೆಂಬುದನ್ನು ವೈದ್ಯರಿಗೆ ಹೇಳಿ.

ತರಗತಿಯಲ್ಲಿ ನಿಮ್ಮೆಲ್ಲರಿಗೂ ಸತ್ಯವನ್ನೇ ಹೇಳಬೇಕೆಂದು ಮೂವತ್ತಕ್ಕೂ ಹೆಚ್ಚು ವರ್ಷ ಬೋಧಿಸಿದವನು ನಾನು. ಕರಿಯನ ಸಾವಿನ ನಂತರ ನಮ್ಮ ತಾತನವರು, “ಗೊಟ್ಟ ಹಿಡಿಯಲು ಬಾರದವನು ಎತ್ತನ್ನು ಕೊಂದ” ಎಂದು ಚಿಕ್ಕಪ್ಪನನ್ನು ತಾವಿರುವವರೆಗೂ ಆಡಿಕೊಳ್ಳುತ್ತಿದ್ದರು. ಚಿಕ್ಕಪ್ಪ ಒಮ್ಮೆಯೂ ಎದುರು ಹೇಳಲಿಲ್ಲ. ಆ ದಿನದಿಂದ ಅವರು ಗೊಟ್ಟವನ್ನು ಮುಟ್ಟಿದ್ದನ್ನು ನಾನು ಕಾಣಲಿಲ್ಲ. ಅವರು ತೀರಿಕೊಂಡು ಇಂದಿಗೆ ಒಂಬತ್ತು ವರ್ಷಗಳಾದವು. ಅವರಿಗೆ ಹೇಳಬೇಕಾಗಿದ್ದುದನ್ನು ಹೇಳಲು ನನಗೆ ನಲವತ್ತು ವರ್ಷಗಳ ಕಾಲಾವಕಾಶವಿತ್ತು, ಹೇಳಲಿಲ್ಲ. ಅವರ ಮಕ್ಕಳು ಇದನ್ನು ಓದುತ್ತಾರೆಂದು ಬಲ್ಲೆ. ನಿಮ್ಮ ತಂದೆ ಗೊಟ್ಟವನ್ನು ಸರಿಯಾಗಿಯೇ ಹಿಡಿದಿದ್ದರು. ಎತ್ತು ಕೆಮ್ಮಿದ್ದು ನನ್ನ ಕೈಯಲ್ಲಿ.